ವಕ್ರ ಮೇಲ್ಮೈಗಳ ಮೇಲೆ ಉಬ್ಬು ವಿನ್ಯಾಸ

ಕಂಪ್ಯೂಟರ್ ನೆರವಿನ ವಿನ್ಯಾಸ ತಂತ್ರಾಂಶಗಳಲ್ಲಿ, ಎಂದರೆ ಕ್ಯಾಡ್‌ನಲ್ಲಿ, ಬಾಗಿದ ಮೇಲ್ಮೈಯಿಂದ ಎದ್ದು ನಿಲ್ಲುವಂತೆ ಅಕ್ಷರ, ಲಾಂಛನ, ಬಳ್ಳಿ, ಚುಕ್ಕಿ, ಹಿಡಿತದ ಗೆರೆ ಮೊದಲಾದವನ್ನು ರೂಪಿಸುವ ಕೆಲಸ. ಟೈರಿನ ಪಕ್ಕದಲ್ಲಿರುವ ಅಳತೆಯ ಅಕ್ಷರಗಳು, ಬಾಟಲಿ ಮುಚ್ಚಳದ ಸಾಲುಗೆರೆಗಳು, ಉಂಗುರದ ಮೇಲಿನ ಹೂಬಳ್ಳಿ ಇದಕ್ಕೆ ದಿನನಿತ್ಯದ ಉದಾಹರಣೆಗಳು. ಇದೇ ವಿನ್ಯಾಸವನ್ನು ಒಳಕ್ಕೆ ತಗ್ಗಿಸಿದರೆ ಕೊರೆತವಾಗುತ್ತದೆ. ಎರಡರ ಜ್ಯಾಮಿತಿಯೂ ಒಂದೇ. ವಿನ್ಯಾಸವನ್ನು ಸಾಮಾನ್ಯವಾಗಿ ಸಪಾಟು ಹಾಳೆಯಲ್ಲಿ ಬರೆಯಲಾಗುತ್ತದೆ, ಅದು ಕೂರಬೇಕಾದ ಜಾಗ ಮಾತ್ರ ಸಪಾಟಲ್ಲ. ಹಾಗಾಗಿ ಆಕಾರ ಎಲ್ಲೋ ಒಂದೆಡೆ ಹಿಗ್ಗಬೇಕು ಇಲ್ಲವೇ ಕುಗ್ಗಬೇಕು. ಅದು ಎಲ್ಲಿ ಆಗಬೇಕೆಂದು ತೀರ್ಮಾನಿಸುವುದೇ ಈ ಕೆಲಸದ ತಿರುಳು.

ಜ್ಯಾಮಿತಿಯ ಹಿನ್ನೆಲೆ

ಎಣ್ಣೆ ಡಬ್ಬಿಯ ಸುತ್ತ ಕಾಗದ ಸುಕ್ಕಿಲ್ಲದೆ ಕೂರುತ್ತದೆ. ಅದೇ ಕಾಗದವನ್ನು ಚೊಂಬಿಗೆ ಸುತ್ತಲಾಗದು. ಚೊಂಬಿನ ಹೊಟ್ಟೆಯ ಮೇಲೆ ಅಂಚುಗಳು ಸುಕ್ಕುಗಟ್ಟುತ್ತವೆ, ಕೊರಳಿನ ಹತ್ತಿರ ಹರಿಯುತ್ತವೆ. ಇದರ ಕಾರಣವನ್ನು ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗೌಸ್ 1827ರಲ್ಲಿ ತೋರಿಸಿಕೊಟ್ಟ. ಮೇಲ್ಮೈಯ ಒಂದು ಬಿಂದುವಿನಲ್ಲಿ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಬಾಗುಗಳನ್ನು ಗುಣಿಸಿದಾಗ ಬರುವ ಗುಣಲಬ್ಧಕ್ಕೆ ಗೌಸ್ ವಕ್ರತೆ ಎಂದು ಹೆಸರು. ಮೇಲ್ಮೈಯನ್ನು ಎಳೆಯದೆ, ಹರಿಯದೆ ಹೇಗೆ ಬಗ್ಗಿಸಿದರೂ ಈ ಬೆಲೆ ಬದಲಾಗುವುದಿಲ್ಲ. ಸಪಾಟು ಹಾಳೆಯಲ್ಲಿ ಅದು ಸೊನ್ನೆ. ಸಿಲಿಂಡರ್ ಮತ್ತು ಶಂಕುವಿನಲ್ಲೂ ಸೊನ್ನೆ. ಆದ್ದರಿಂದ ಇವೆರಡನ್ನೂ ಬಿಚ್ಚಿ ಹಾಸಬಹುದು. ಚೊಂಬಿನ ಹೊಟ್ಟೆಯಲ್ಲಿ ಅದು ಧನ. ಸುತ್ತಲೂ ಹೊರಕ್ಕೆ, ಮೇಲೆ ಕೆಳಗೆ ಒಳಕ್ಕೆ ಬಾಗಿದ ಕೊರಳಿನಲ್ಲಿ ಋಣ. ಇಂಥ ಜಾಗಗಳಲ್ಲಿ ಅಳತೆಗೆಡದಂತೆ ಸಪಾಟು ವಿನ್ಯಾಸವನ್ನು ಕೂರಿಸುವುದು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ.

ಚರಿತ್ರೆ

ಬಾಗಿದ ಮೇಲ್ಮೈಯನ್ನು ಸಂಖ್ಯೆಗಳಲ್ಲಿ ಹಿಡಿದಿಡುವ ಅಗತ್ಯ ಮೊದಲು ತೀವ್ರವಾಗಿ ಕಂಡದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್‌ಜೋ 1959ರಲ್ಲಿ, ರೆನೋ ಕಂಪನಿಯಲ್ಲಿ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ಬೇರೆಬೇರೆಯಾಗಿ ಒಂದೇ ಬಗೆಯ ವಕ್ರರೇಖೆಗಳ ಮೇಲೆ ಕೆಲಸ ಮಾಡಿದರು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ ರೂಪಿಸಿದ ಸ್ಕೆಚ್‌ಪ್ಯಾಡ್ ಪರದೆಯ ಮೇಲೆ ನೇರವಾಗಿ ಚಿತ್ರ ಬರೆಯುವ ದಾರಿ ತೆರೆಯಿತು. 1975ರಲ್ಲಿ ಕೆನ್ ವರ್ಸ್‌ಪ್ರಿಲ್ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ ಇಂದು ನರ್ಬ್ಸ್ ಎಂದು ಕರೆಯುವ ಮೇಲ್ಮೈಗಳಿಗೆ ತಳಹದಿಯಾಯಿತು. ಇದೇ ಕಾಲದಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕ್ಷೇತ್ರದಲ್ಲಿ ಇನ್ನೊಂದು ಎಳೆ ಬೆಳೆಯಿತು. 1978ರಲ್ಲಿ ಜಿಮ್ ಬ್ಲಿನ್ ಬೆಳಕು ನೆರಳನ್ನಷ್ಟೇ ಬದಲಿಸಿ ಉಬ್ಬಿನ ಭ್ರಮೆ ಹುಟ್ಟಿಸುವ ಬಗೆಯನ್ನು ವಿವರಿಸಿದ. 1984ರಲ್ಲಿ ರಾಬರ್ಟ್ ಕುಕ್ ಮೇಲ್ಮೈಯ ಬಿಂದುಗಳನ್ನೇ ನಿಜವಾಗಿ ಸರಿಸುವ ವಿಧಾನವನ್ನು ಮುಂದಿಟ್ಟ.

ವಿಧಾನಗಳು

ಪ್ರಕ್ಷೇಪ: ಸಪಾಟು ಸ್ಕೆಚ್ಚನ್ನು ಒಂದೇ ದಿಕ್ಕಿನಲ್ಲಿ, ಬಿಸಿಲಿನ ಕಿರಣಗಳಂತೆ, ಮೇಲ್ಮೈಯ ಮೇಲೆ ಬೀಳಿಸಲಾಗುತ್ತದೆ. ಎದುರಿನಿಂದ ನೋಡಿದರೆ ವಿನ್ಯಾಸ ಬರೆದ ಹಾಗೆಯೇ ಕಾಣುತ್ತದೆ. ಬದಿಗೆ ಹೋದಂತೆ ಹಿಗ್ಗುತ್ತದೆ. 60 ಮಿ.ಮೀ. ವ್ಯಾಸದ ಡಬ್ಬಿಯ ಮೇಲೆ 30 ಮಿ.ಮೀ. ಅಗಲದ ಹೆಸರನ್ನು ಬೀಳಿಸಿದರೆ ಅದು ಸುಮಾರು 31.4 ಮಿ.ಮೀ. ಆಗುತ್ತದೆ, ಈ ವ್ಯತ್ಯಾಸವನ್ನು ಕಣ್ಣು ಗುರುತಿಸದು. 52 ಮಿ.ಮೀ. ಅಗಲದ ಹೆಸರು ಸುಮಾರು 63 ಮಿ.ಮೀ.ಗೆ ಹಿಗ್ಗುತ್ತದೆ, ಕೊನೆಯ ಅಕ್ಷರದ ಅಂಚಿನಲ್ಲಿ ಅಗಲ ಇಮ್ಮಡಿಯಾಗಿರುತ್ತದೆ. ಒಂದೇ ಕಡೆಯಿಂದ ನೋಡುವ ಚಿಕ್ಕ ಲಾಂಛನಕ್ಕೆ ಈ ವಿಧಾನ ಸಾಕು.

ಸುತ್ತುವಿಕೆ: ಸ್ಕೆಚ್ಚನ್ನು ಲೇಬಲ್ಲಿನಂತೆ ಮೇಲ್ಮೈಗೆ ಸುತ್ತಲಾಗುತ್ತದೆ. ಸಿಲಿಂಡರ್ ಮತ್ತು ಶಂಕುವಿನ ಮೇಲೆ ಉದ್ದ ಕೆಡುವುದಿಲ್ಲ. ಮೇಲಿನ ಡಬ್ಬಿಯ ಸುತ್ತಳತೆ 188.5 ಮಿ.ಮೀ.; 90 ಮಿ.ಮೀ. ಉದ್ದದ ಹೆಸರು ಸರಿಸುಮಾರು ಅರ್ಧ ಸುತ್ತನ್ನು ಆವರಿಸುತ್ತದೆ. ಪ್ರಕ್ಷೇಪದಲ್ಲಿ ಇದು ಆಗುವ ಮಾತಲ್ಲ, ಏಕೆಂದರೆ ಎದುರಿನಿಂದ ಕಾಣುವ ಅಗಲವೇ 60 ಮಿ.ಮೀ. ಸಾಲಿಡ್‌ವರ್ಕ್ಸ್‌ನ ರ್ಯಾಪ್ ಸೌಲಭ್ಯ ಉಬ್ಬು, ತಗ್ಗು, ಗೆರೆ ಎಂಬ ಮೂರು ಬಗೆಗಳನ್ನು ಕೊಡುತ್ತದೆ. ಆಟೋಡೆಸ್ಕ್ ಇನ್ವೆಂಟರ್‌ನ ಎಂಬಾಸ್ ಸೌಲಭ್ಯದಲ್ಲಿಯೂ ಮೇಲ್ಮೈಗೆ ಸುತ್ತುವ ಆಯ್ಕೆಯಿದೆ.

ಹರಿಸುವಿಕೆ: ಎರಡೂ ದಿಕ್ಕಿಗೆ ಬಾಗಿದ ಮೇಲ್ಮೈಗಳಿಗೆ ಇದು ಬೇಕಾಗುತ್ತದೆ. ನರ್ಬ್ಸ್ ಮೇಲ್ಮೈಗೆ ಭೂಗೋಳದ ಅಕ್ಷಾಂಶ ರೇಖಾಂಶಗಳಂತೆ ಎರಡು ಸಾಲು ಗೆರೆಗಳಿರುತ್ತವೆ. ಸಪಾಟು ಹಾಳೆಯ ಚೌಕಗಳನ್ನು ಆ ಗೆರೆಗಳ ಚೌಕಗಳಿಗೆ ಹೊಂದಿಸಿ, ಸಿದ್ಧವಾದ ಉಬ್ಬು ಆಕಾರವನ್ನೇ ಹರಿಸಿಬಿಡಬಹುದು. ರೈನೋ ತಂತ್ರಾಂಶದಲ್ಲಿ ಫ್ಲೋ ಅಲಾಂಗ್ ಸರ್ಫೇಸ್ ಎಂಬ ಆಜ್ಞೆ ಇದನ್ನು ಮಾಡುತ್ತದೆ. ಗೆರೆಗಳು ಒತ್ತೊತ್ತಾಗುವಲ್ಲಿ ವಿನ್ಯಾಸವೂ ಕುಗ್ಗುತ್ತದೆ. ಗೋಳದ ಮೇಲೆ 60 ಡಿಗ್ರಿ ಅಕ್ಷಾಂಶದಲ್ಲಿ ಸುತ್ತಳತೆ ನಡುವಿನ ಅರ್ಧದಷ್ಟೇ; ಅಲ್ಲಿ ಬಿದ್ದ ಅಕ್ಷರದ ಅಗಲವೂ ಅರ್ಧವಾಗುತ್ತದೆ. ಆದ್ದರಿಂದ ಮುಖ್ಯ ಅಕ್ಷರಗಳನ್ನು ಹೊಟ್ಟೆಯ ನಡುಪಟ್ಟಿಯಲ್ಲಿಡುವುದು, ಮೇಲೆ ಕೆಳಗೆ ಹಿಗ್ಗುಕುಗ್ಗನ್ನು ತಾಳಿಕೊಳ್ಳುವ ಬಳ್ಳಿ ಎಲೆಗಳನ್ನು ಬಿಡುವುದು ಒಳ್ಳೆಯ ಕ್ರಮ. ಟೈರಿನ ಉಂಗುರಾಕಾರಕ್ಕೆಂದೇ ಕ್ರಿಯೋ ತಂತ್ರಾಂಶದಲ್ಲಿ ಟೊರಾಯ್ಡಲ್ ಬೆಂಡ್ ಇದೆ: ಸಪಾಟಾಗಿ ರೂಪಿಸಿದ ಪಟ್ಟಿಯನ್ನು ಇಡಿಯಾಗಿ ಚಕ್ರವಾಗಿ ಬಗ್ಗಿಸಲಾಗುತ್ತದೆ.

ಎತ್ತರದ ನಕ್ಷೆ: ಕಪ್ಪು ಬಿಳುಪು ಚಿತ್ರವೊಂದರಲ್ಲಿ ಬಿಳುಪನ್ನು ಎತ್ತರವೆಂದೂ ಕಪ್ಪನ್ನು ತಳವೆಂದೂ ಓದಿಕೊಂಡು, ಮೇಲ್ಮೈಯನ್ನು ರೂಪಿಸುವ ಜಾಲದ ಬಿಂದುಗಳನ್ನು ಮೇಲೆತ್ತುವ ಈ ವಿಧಾನ ಬ್ಲೆಂಡರ್, ಜೀಬ್ರಶ್‌ನಂಥ ತಂತ್ರಾಂಶಗಳಲ್ಲಿ ಬಳಕೆಯಲ್ಲಿದೆ. ತೊಗಲಿನ ಮಡಿಕೆ, ಮುಖಭಾವದಂಥ ನಯವಾದ ಏರಿಳಿತಕ್ಕೆ ಇದು ಒಪ್ಪುತ್ತದೆ. 8 ಬಿಟ್ ಚಿತ್ರದಲ್ಲಿ 256 ಹಂತಗಳಷ್ಟೇ ಇರುವುದರಿಂದ ಎತ್ತರದ ಉಬ್ಬಿನಲ್ಲಿ ಮೆಟ್ಟಿಲುಗಳು ಕಾಣಿಸಿಕೊಳ್ಳಬಹುದು. 16 ಬಿಟ್ ಚಿತ್ರದಲ್ಲಿ 65,536 ಹಂತಗಳಿರುತ್ತವೆ. ಜಾಲವೂ ಸಾಕಷ್ಟು ದಟ್ಟವಾಗಿರಬೇಕು. 300 ಮಿ.ಮೀ. ಸುತ್ತಳತೆಯ ಪಾತ್ರೆಯಲ್ಲಿ 0.2 ಮಿ.ಮೀ. ಅಂತರದ ಬಿಂದುಗಳು ಬೇಕಾದರೆ ಒಂದು ಸುತ್ತಿಗೇ 1,500 ಬಿಂದುಗಳಾಗುತ್ತವೆ.

ಎತ್ತರ ಮತ್ತು ಪಕ್ಕದ ಗೋಡೆ

ಗೆರೆ ಮೇಲ್ಮೈಗೆ ಬಂದ ಮೇಲೆ ಅದಕ್ಕೆ ಎತ್ತರ ಕೊಡಬೇಕು. ಮೇಲ್ಮೈಗೆ ಲಂಬವಾಗಿ ಎತ್ತಿದರೆ ಉಬ್ಬಿನ ತಲೆ ಬುಡಕ್ಕಿಂತ ಅಗಲವಾಗುತ್ತದೆ. 30 ಮಿ.ಮೀ. ತ್ರಿಜ್ಯದ ಡಬ್ಬಿಯಲ್ಲಿ 1 ಮಿ.ಮೀ. ಉಬ್ಬಿಗೆ ಈ ಹೆಚ್ಚಳ ಸುಮಾರು ಶೇ. 3, 3 ಮಿ.ಮೀ. ತ್ರಿಜ್ಯದ ಪೆನ್ನಿನಂಥ ಕಡ್ಡಿಯಲ್ಲಿ ಶೇ. 33. ಒಳಬಾಗಿದ ಜಾಗದಲ್ಲಿ ಇದಕ್ಕೆ ವಿರುದ್ಧ, ತಲೆ ಇಕ್ಕಟ್ಟಾಗುತ್ತದೆ. ಉಬ್ಬಿನ ಎತ್ತರ ಅಲ್ಲಿನ ಬಾಗಿನ ತ್ರಿಜ್ಯವನ್ನು ಮೀರಿದರೆ ಮೇಲ್ಮೈ ತನ್ನನ್ನೇ ದಾಟಿ ಆಕಾರ ಮುರಿಯುತ್ತದೆ. ತಂತ್ರಾಂಶ ಕೆಲಸ ನಿಲ್ಲಿಸಿ ದೋಷ ತೋರಿಸಲು ಇದು ಪದೇಪದೇ ಎದುರಾಗುವ ಕಾರಣ. ಸ್ಕೆಚ್ಚಿನಲ್ಲಿ ಮುಚ್ಚದ ಗೆರೆ, ಒಂದರ ಮೇಲೊಂದು ಹಾಯ್ದ ಗೆರೆ ಮತ್ತು ಸಿಲಿಂಡರಿನ ಸೇರುಗೆರೆಯ ಮೇಲೆಯೇ ಬಿದ್ದ ಅಕ್ಷರ ಉಳಿದ ಕಾರಣಗಳು.

ತಯಾರಿಕೆಯ ಕಟ್ಟುಪಾಡುಗಳು

ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಎರಕ ಹೊಯ್ಯುವಾಗ ಅಚ್ಚಿನ ಎರಡು ಭಾಗಗಳು ಒಂದೇ ನೇರದಲ್ಲಿ ಬಿಚ್ಚಿಕೊಳ್ಳುತ್ತವೆ. ಡಬ್ಬಿಯ ಸುತ್ತ ಲಂಬವಾಗಿ ಎದ್ದ ಅಕ್ಷರಗಳಲ್ಲಿ, ನಡುವಿನಿಂದ ದೂರ ಸರಿದಂತೆ, ಅಚ್ಚು ಕೂಡುವ ಗೆರೆಯ ಕಡೆಗಿರುವ ಪಕ್ಕದ ಗೋಡೆ ಅಚ್ಚಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಗೋಡೆಗಳನ್ನು ಅಚ್ಚು ಬಿಚ್ಚುವ ದಿಕ್ಕಿಗೇ ಹೊಂದಿಸಿ ಸ್ವಲ್ಪ ಓರೆ ಮಾಡಬೇಕು, ಅಥವಾ ಪಕ್ಕಕ್ಕೆ ಸರಿಯುವ ಅಚ್ಚಿನ ತುಂಡುಗಳನ್ನು ಇಡಬೇಕು. ಮೂರು ಆಯಾಮದ ಮುದ್ರಣದಲ್ಲಿ ಈ ತೊಡಕಿಲ್ಲ. ಆದರೆ ಸಾಮಾನ್ಯ ಯಂತ್ರದ ನಳಿಕೆಯ ತೂತು 0.4 ಮಿ.ಮೀ. ಇರುವುದರಿಂದ ಅದಕ್ಕಿಂತ ತೆಳುವಾದ ಗೆರೆ ಸರಿಯಾಗಿ ಮೂಡುವುದಿಲ್ಲ. 3ಡಿ ಸಿಸ್ಟಮ್ಸ್ ಕಂಪನಿ 1987ರಲ್ಲಿ ತಂದ ಎಸ್‌ಟಿಎಲ್ ಕಡತ ಮೇಲ್ಮೈಯನ್ನು ತ್ರಿಕೋನಗಳಾಗಿ ಒಡೆಯುತ್ತದೆ. ತ್ರಿಕೋನಗಳು ದೊಡ್ಡದಾದರೆ ನುಣುಪಾದ ಬಾಗು ಪಟ್ಟೆಪಟ್ಟೆಯಾಗುತ್ತದೆ.

ಬ್ರೈಲ್ ಚುಕ್ಕಿಗಳಲ್ಲಿ ಅಳತೆಗೆ ವಿಶೇಷ ಮಹತ್ವವಿದೆ, ಏಕೆಂದರೆ ಓದುವುದು ಬೆರಳು. ಅಮೆರಿಕದ ಅಂಗವಿಕಲರ ಕಾಯಿದೆಯ ಮಾನದಂಡ ಫಲಕಗಳ ಮೇಲಿನ ಚುಕ್ಕಿಗೆ 0.6ರಿಂದ 0.9 ಮಿ.ಮೀ. ಎತ್ತರವನ್ನೂ, ಒಂದು ಕೋಶದ ಎರಡು ಚುಕ್ಕಿಗಳ ನಡುವೆ 2.3ರಿಂದ 2.5 ಮಿ.ಮೀ. ಅಂತರವನ್ನೂ ಹೇಳುತ್ತದೆ. ಬಾಟಲಿಯ ಮೇಲೆ ಪ್ರಕ್ಷೇಪದಿಂದ ಚುಕ್ಕಿ ಬೀಳಿಸಿದರೆ ಬದಿಯಲ್ಲಿ ಈ ಅಂತರ ತಪ್ಪುತ್ತದೆ. ಸುತ್ತುವಿಕೆಯೇ ಇಲ್ಲಿ ಸರಿಯಾದ ದಾರಿ.

ಕನ್ನಡ ಲಿಪಿಯಲ್ಲಿ

ಕನ್ನಡ ಅಕ್ಷರಗಳನ್ನು ಉಬ್ಬಿಸುವಾಗ ಬೇರೆ ಎಚ್ಚರಗಳು ಬೇಕು. ಕೆಲವು ಕ್ಯಾಡ್ ತಂತ್ರಾಂಶಗಳು ಯೂನಿಕೋಡ್ ಪಠ್ಯವನ್ನು ಸರಿಯಾಗಿ ಜೋಡಿಸದೆ ಒತ್ತು, ಗುಣಿತಗಳನ್ನು ಬಿಡಿಬಿಡಿಯಾಗಿ ಚೆಲ್ಲುತ್ತವೆ. ಇಂಕ್‌ಸ್ಕೇಪ್‌ನಂಥ ತಂತ್ರಾಂಶದಲ್ಲಿ ಪದವನ್ನು ಬರೆದು, ಗೆರೆಚಿತ್ರವಾಗಿ ಬದಲಿಸಿ, ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಕಡತದ ಮೂಲಕ ತರುವುದು ಇದಕ್ಕೆ ಪರಿಹಾರ. ಗುಣಿತದ ಚಿಹ್ನೆ ಮೂಲ ಅಕ್ಷರದ ಮೇಲೆ ಹಾಯುವ ಫಾಂಟುಗಳಲ್ಲಿ ಗೆರೆಗಳನ್ನು ಮೊದಲೇ ಒಂದಾಗಿ ಬೆಸೆಯಬೇಕು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಚೊಂಬಿನಂಥ ಮೇಲ್ಮೈಯಲ್ಲಿ ಅದು ಸುತ್ತಳತೆ ಕಡಿಮೆಯಿರುವ ಜಾಗಕ್ಕೆ ಬಿದ್ದು ಇನ್ನಷ್ಟು ಕಿರಿದಾಗುತ್ತದೆ. ಮಹಾಪ್ರಾಣವನ್ನು ಗುರುತಿಸುವ ಪುಟ್ಟ ಸೀಳು ಅಳಿಸಿಹೋದರೆ ಧನ ಎಂಬ ಪದ ದನ ಎಂದಾಗುತ್ತದೆ. ಆದ್ದರಿಂದ ಅಕ್ಷರದ ಗಾತ್ರವನ್ನು ನಿಗದಿ ಮಾಡುವಾಗ ಅದರ ಒಟ್ಟು ಎತ್ತರವನ್ನಲ್ಲ, ಅತಿ ಚಿಕ್ಕ ಗೆರೆಯನ್ನು ಅಳೆಯಬೇಕು.

ಪಾತ್ರೆಗಳ ಮೇಲೆ ಹೆಸರು ಕೊರೆಯುವ ಕುಶಲಿಗಳು ಈ ಹೊಂದಾಣಿಕೆಗಳನ್ನು ಕಣ್ಣಳತೆಯಲ್ಲೇ ಮಾಡುತ್ತಾರೆ: ಬಾಗು ಹೆಚ್ಚಿದಲ್ಲಿ ಅಕ್ಷರವನ್ನು ಬಿಡಿಸಿ, ಒತ್ತನ್ನು ಸ್ವಲ್ಪ ದೊಡ್ಡದಾಗಿ ಬರೆಯುತ್ತಾರೆ. ತಂತ್ರಾಂಶ ಅಕ್ಷರವನ್ನು ಓದುವುದಿಲ್ಲ, ಗೆರೆಯನ್ನಷ್ಟೇ ಲೆಕ್ಕ ಹಾಕುತ್ತದೆ. ಹಾಗಾಗಿ ವಿನ್ಯಾಸಕಾರ ಮಾದರಿಯೊಂದನ್ನು ಮುದ್ರಿಸಿ, ಕೈಯಲ್ಲಿ ಹಿಡಿದು, ತಿರುಗಿಸಿ ಓದಿ ನೋಡಿದ ಮೇಲೆಯೇ ಕಡತವನ್ನು ತಯಾರಿಕೆಗೆ ಕಳಿಸಬೇಕು.