ಹರಾಜಿನಲ್ಲಿ ಕೊಂಡವರ ಅಂಗಳ

ಸಿದ್ದಾಪುರದಿಂದ ಜೋಗದ ಕಡೆಗೆ ಹೋಗುವಾಗ ಮಾವಿನಗುಂಡಿ ಸಿಗುತ್ತದೆ. ಜಲಪಾತ ನೋಡುವ ಆತುರದಲ್ಲಿ ಆ ಊರನ್ನು ನಾನು ಎಷ್ಟೋ ಸಲ ದಾಟಿದ್ದೇನೆ. ಅಲ್ಲೊಂದು ಸತ್ಯಾಗ್ರಹ ಸ್ಮಾರಕವಿದೆ ಎಂದು ತಿಳಿದದ್ದು ತಡವಾಗಿ. ಅದರೆದುರು ನಿಂತ ದಿನ ನನ್ನನ್ನು ಕಾಡಿದ್ದು ಸತ್ಯಾಗ್ರಹಿಗಳ ಧೈರ್ಯವೊಂದೇ ಅಲ್ಲ, ಅವರು ಕೂತದ್ದು ಯಾರ ಮನೆಯೆದುರು ಎಂಬ ಸಂಗತಿ.

ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ಸೀಮೆಯ ರೈತರು ಭೂಕಂದಾಯ ಕೊಡುವುದಿಲ್ಲವೆಂದು ನಿಂತರು. ಸರ್ಕಾರ ಪಾತ್ರೆ-ಪಗಡೆ, ದನಕರು, ಕೊನೆಗೆ ಜಮೀನನ್ನೂ ಜಪ್ತಿ ಮಾಡಿ ಹರಾಜಿಗಿಟ್ಟಿತು. ಹರಾಜೆಂದ ಮೇಲೆ ಕೂಗುವವರೊಬ್ಬರು ಬೇಕು. ಕೂಗಿದವರು ಪರಊರಿನವರೇ ಆಗಬೇಕೆಂದಿರಲಿಲ್ಲ. 1932ರಲ್ಲಿ ಹೆಂಗಸರು ಹೀಗೆ ಕೊಂಡವರ ಮನೆಯಂಗಳದಲ್ಲಿ ಉಪವಾಸ ಕೂತರು.

ನನಗೆ ತೊಡಕೆನಿಸುವುದು ಇಲ್ಲಿ. ಸರ್ಕಾರಕ್ಕೆ 'ಒಲ್ಲೆ' ಎನ್ನುವ ಹಕ್ಕು ರೈತನಿಗಿದೆ ಎಂದಾದರೆ, ಆ 'ಒಲ್ಲೆ'ಗೆ ದನಿಗೂಡಿಸಲು ಒಲ್ಲದ ನೆರೆಯವನಿಗೂ ಅದೇ ಹಕ್ಕು ಬೇಡವೇ? ಉಪವಾಸ ಮೃದುವಾದದ್ದೆಂದು ಹೇಳುವುದು ಸುಲಭ. ಅಂಗಳದಲ್ಲಿ ಹಸಿದ ಹೆಂಗಸರಿರುವಾಗ ಒಳಗೆ ಬಾಳೆಯೆಲೆ ಹಾಕಿ ಉಣ್ಣುವುದು ಯಾರಿಗೆ ಸಾಧ್ಯ? ಮದುವೆ, ಮುಂಜಿ, ಕೊನೆಕೊಯ್ಲು, ಎಲ್ಲದಕ್ಕೂ ಒಬ್ಬರಿಗೊಬ್ಬರು ಬೇಕಾದ ಮಲೆನಾಡಿನಲ್ಲಿ ಅದೂ ಒತ್ತಾಯವೇ.

ಆದರೂ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಚಳವಳಿಗೆ ಸೇರದೆ ಕಂದಾಯ ಕಟ್ಟಿದವನು ಕಷ್ಟದಿಂದ ಹೊರಗುಳಿದ, ಅಷ್ಟೇ. ಜಮೀನು ಕೊಂಡವನು ಹೊರಗುಳಿಯಲಿಲ್ಲ. ನೆರೆಯವನ ನಷ್ಟವನ್ನು ತನ್ನ ಲಾಭ ಮಾಡಿಕೊಂಡ. ಹೆಂಗಸರು ಹಿಡಿದದ್ದು ಈ ಎರಡನೆಯವನ ಬಾಗಿಲನ್ನು. ಅವನ ಆಸ್ತಿಗೆ ಕೈಹಾಕದೆ ತಮ್ಮ ಹಸಿವನ್ನಷ್ಟೇ ಅವನೆದುರಿಗಿಟ್ಟರು.

1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಮರುವರ್ಷ ಮುಟ್ಟುಗೋಲಾದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸಲು ಕಾನೂನೂ ಆಯಿತು. ಕರ ನಿರಾಕರಿಸಿದವರಿಗೆ ಮುಂದೆ ಹೀಗಾದೀತೆಂದು ಗೊತ್ತಿರಲಿಲ್ಲ. ತೋಟ ಕೈಬಿಟ್ಟಿತೆಂದೇ ತಿಳಿದು ಅವರು ನಿಂತಿದ್ದರು.

ಆ ಕಾಲದಲ್ಲಿ ನಾನಿದ್ದಿದ್ದರೆ? ಅಪ್ಪ ನೆಟ್ಟ ಅಡಿಕೆ ತೋಟವನ್ನು ಒಂದು ಮಾತಿಗಾಗಿ ಬಿಟ್ಟುಕೊಡುತ್ತಿದ್ದೆನೆಂದು ಹೇಳುವ ಧೈರ್ಯ ನನಗಿಲ್ಲ. ಬಹುಶಃ ಯಾರಿಗೂ ಕಾಣದಂತೆ ಹೋಗಿ ಕಂದಾಯ ಕಟ್ಟಿ ಬರುತ್ತಿದ್ದೆ. ಪಕ್ಕದ ಮನೆಯವರ ತೋಟ ಹರಾಜಿಗೆ ಬಂದ ದಿನ ಬಾಯಿಮುಚ್ಚಿ ಕೂರುವಷ್ಟು ಮರ್ಯಾದೆಯಾದರೂ ನನ್ನಲ್ಲಿ ಉಳಿದಿರುತ್ತಿತ್ತೇ ಎಂದು ಸ್ಮಾರಕದ ಮೆಟ್ಟಿಲಿಳಿಯುತ್ತ ನನ್ನನ್ನೇ ಕೇಳಿಕೊಂಡೆ.