ಬೀಗ ಹಾಕಿದ ಕಡತಗಳು

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ನನಗೆ ಮಕ್ಕಳು ಕೇಳುವ ಒಂದು ಪ್ರಶ್ನೆ ಬಲು ಇಷ್ಟ: "ಇದು ನಿಜ ಅಂತ ಹೇಗೆ ಗೊತ್ತಾಯ್ತು ಮಿಸ್?" ಶೀತಲ ಸಮರದ ಪಾಠ ಬಂದಾಗ ಇದಕ್ಕೆ ಕ್ಯೂಬಾದ ಕಥೆಯನ್ನೇ ಉತ್ತರವಾಗಿ ಹೇಳುತ್ತೇನೆ.

ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನು ತಂದಿಟ್ಟದ್ದು 1962ರ ಅಕ್ಟೋಬರಿನಲ್ಲಿ ಅಮೆರಿಕಕ್ಕೆ ಗೊತ್ತಾಯಿತು. ಲೋಕ ಅಣುಯುದ್ಧದ ಹೊಸ್ತಿಲಿಗೆ ಬಂದು ನಿಂತಿತು. ಅಕ್ಟೋಬರ್ 28ರಂದು ಕ್ರುಶ್ಚೇವ್ ಕ್ಷಿಪಣಿಗಳನ್ನು ವಾಪಸು ಒಯ್ಯುವುದಾಗಿ ಸಾರಿದರು. ಕೆನಡಿ ಜಗ್ಗದೆ ನಿಂತರು, ಎದುರಾಳಿ ಸೋತ ಎಂಬುದು ಮನೆಮಾತಾಯಿತು. ಕ್ಯೂಬಾದ ಮೇಲೆ ದಂಡೆತ್ತಿ ಹೋಗುವುದಿಲ್ಲವೆಂದು ಅಮೆರಿಕ ಕೊಟ್ಟ ಮಾತು ಎಲ್ಲರಿಗೂ ತಿಳಿದಿತ್ತು. ಇನ್ನೊಂದು ಮಾತು ಮಾತ್ರ ಗುಟ್ಟಾಗಿತ್ತು.

ಹಿಂದಿನ ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ಕಂಡಿದ್ದರು. ಟರ್ಕಿಯಲ್ಲಿರುವ ನಮ್ಮ ಜುಪಿಟರ್ ಕ್ಷಿಪಣಿಗಳನ್ನು ನಾಲ್ಕೈದು ತಿಂಗಳಲ್ಲಿ ತೆಗೆಯುತ್ತೇವೆ, ಆದರೆ ಇದು ಹೊರಗೆ ಬಾಯಿಬಿಡುವ ಮಾತಲ್ಲ ಎಂದಿದ್ದರು. 1963ರ ಏಪ್ರಿಲ್ ಹೊತ್ತಿಗೆ ತೆಗೆದೂ ಆಯಿತು.

ರಾಬರ್ಟ್ ತೀರಿಕೊಂಡ ಮೇಲೆ, 1969ರಲ್ಲಿ, ಅವರ ನೆನಪಿನ ಪುಸ್ತಕ ಅಚ್ಚಾಯಿತು. ಅದನ್ನು ತಿದ್ದಿಕೊಟ್ಟ ಸೋರೆನ್‌ಸನ್, ಈ ಒಪ್ಪಂದದ ಮಾತನ್ನು ತಾವೇ ತೆಗೆದುಹಾಕಿದ್ದಾಗಿ 1989ರಲ್ಲಿ ಮಾಸ್ಕೋದ ಸಮ್ಮೇಳನವೊಂದರಲ್ಲಿ ಒಪ್ಪಿಕೊಂಡರು. ಡೊಬ್ರಿನಿನ್ ಮಾಸ್ಕೋಗೆ ಕಳಿಸಿದ್ದ ಗುಪ್ತ ತಂತಿ 1990ರ ದಶಕದಲ್ಲಿ ಹೊರಬಂತು. ಕೆನಡಿ ಶ್ವೇತಭವನದಲ್ಲಿ ಗುಟ್ಟಾಗಿ ಟೇಪು ಮಾಡಿಸಿದ್ದ ಮಾತುಕತೆಗಳೂ 1997ರಲ್ಲಿ ಪುಸ್ತಕವಾದವು. ಟರ್ಕಿಯ ಕ್ಷಿಪಣಿಗೆ ಕ್ಯೂಬಾದ ಕ್ಷಿಪಣಿ ಎಂಬ ಲೆಕ್ಕ ಹೆಚ್ಚಿನವರಿಗೆ ನ್ಯಾಯವೆಂದೇ ತೋರುತ್ತದೆ ಎಂದು ಅಧ್ಯಕ್ಷರೇ ವಾದಿಸುವುದು ಅವುಗಳಲ್ಲಿದೆ.

ಹಾಗೆಂದು ಕಡತ ಸಿಕ್ಕ ಮಾತ್ರಕ್ಕೆ ಸತ್ಯ ಸಿಕ್ಕಿಬಿಡುವುದಿಲ್ಲ. ರಾಯಭಾರಿಯೂ ಮೇಲಿನವರ ಮುಖ ನೋಡಿಕೊಂಡು ಬರೆಯುವವನೇ. ಯಾರು, ಯಾರಿಗೆ, ಯಾವಾಗ ಬರೆದರು? ಎದುರು ಪಕ್ಷದ ದಾಖಲೆ ಏನೆನ್ನುತ್ತದೆ? ಯಾವ ಸಾಲಿಗೆ ಮಸಿ ಬಳಿದಿದೆ? ಇವನ್ನೆಲ್ಲ ಇತಿಹಾಸಕಾರರು ತಾಳೆ ನೋಡಬೇಕು. ಅದಕ್ಕೂ ಅವಕಾಶ ಬೇಕಲ್ಲ! ಸೋವಿಯತ್ ಒಕ್ಕೂಟ ಒಡೆದ ಮೇಲೆ ಮಾಸ್ಕೋದ ದಾಖಲೆ ಭಂಡಾರಗಳಲ್ಲಿ ತೆರೆದ ಎಷ್ಟೋ ಬಾಗಿಲುಗಳು ಮತ್ತೆ ಮುಚ್ಚಿಕೊಂಡವು. ಸಂಸಾರದ ಜಗಳದಲ್ಲಿ ಎರಡೂ ಕಡೆಯ ಮಾತು ಕೇಳದೆ ತೀರ್ಪು ಹೇಳಬಾರದೆಂದು ಬಲ್ಲ ನಮಗೆ ಈ ಕೆಲಸದ ಕಷ್ಟ ಅರ್ಥವಾಗದೇ ಇರದು.

ಬಗ್ಗದವನೇ ಗಂಡು ಎಂಬ ಮಾತನ್ನು ಮನೆಯಲ್ಲೂ ಬೀದಿಯಲ್ಲೂ ಕೇಳಿ ಬೆಳೆದವರು ನಾವು. ಕ್ಯೂಬಾದ ಕಥೆಯೂ ಎಷ್ಟೋ ವರ್ಷ ಅದಕ್ಕೇ ಸಾಕ್ಷಿ ಹೇಳುತ್ತಿತ್ತು. ಅಂದು ಕೋಟಿಗಟ್ಟಲೆ ಮನೆಗಳ ಒಲೆ ಆರದೆ ಉಳಿದದ್ದು ಇಬ್ಬರೂ ಒಂದಿಷ್ಟು ಬಗ್ಗಿದ್ದರಿಂದ. ಆಳುವವರು ಮುಚ್ಚಿಟ್ಟದ್ದು ಆ ಬಗ್ಗುವಿಕೆಯನ್ನೇ.