ಉದ್ಯಮಶೀಲತೆ: ವಾಣಿಜ್ಯ ವಿದ್ಯಾರ್ಥಿ ಮೊದಲು ಕಲಿಯಬೇಕಾದ ಪಾಠಗಳು

ಬಿ.ಕಾಂ., ಬಿ.ಬಿ.ಎ. ಹಾಗೂ ಎಂ.ಬಿ.ಎ. ತರಗತಿಗಳಲ್ಲಿ ಉದ್ಯಮಶೀಲತೆ ಈಗ ಪರಿಚಿತ ವಿಷಯ. ವ್ಯಾಖ್ಯೆಗಳನ್ನು ಬರೆದು ಉತ್ತಮ ಅಂಕ ಗಳಿಸುವುದು ಕಷ್ಟವಲ್ಲ. ಆದರೆ ಅದೇ ವಿದ್ಯಾರ್ಥಿ ಯೋಜನಾ ವರದಿ ಹಿಡಿದು ಬ್ಯಾಂಕ್ ವ್ಯವಸ್ಥಾಪಕರ ಮುಂದೆ ಕುಳಿತಾಗ ಎದುರಾಗುವ ಪ್ರಶ್ನೆಗಳೇ ಬೇರೆ. ಅವುಗಳಿಗೆ ಉತ್ತರ ತಿಳಿಯದೆ ಉದ್ಯಮಕ್ಕಿಳಿದರೆ ಪಣಕ್ಕೆ ಬೀಳುವುದು ಬಹುತೇಕ ಹೆತ್ತವರ ಉಳಿತಾಯ, ಕೆಲವೊಮ್ಮೆ ಮನೆಯ ಪತ್ರ. ಆದ್ದರಿಂದ ಈ ವಿಷಯದ ಬುನಾದಿಯನ್ನು ಪದವಿ ಹಂತದಲ್ಲೇ ಗಟ್ಟಿಗೊಳಿಸಿಕೊಳ್ಳುವುದು ಅಗತ್ಯ.

ಹುಟ್ಟುಗುಣವೇ, ಕಲಿಕೆಯೇ?

ಉದ್ಯಮಿಯ ಲಕ್ಷಣವನ್ನು ಅರ್ಥಶಾಸ್ತ್ರಜ್ಞರು ಬಗೆಬಗೆಯಾಗಿ ನಿರೂಪಿಸಿದ್ದಾರೆ. ನಿಶ್ಚಿತ ಬೆಲೆಗೆ ಕೊಂಡು ಅನಿಶ್ಚಿತ ಬೆಲೆಗೆ ಮಾರುವವನೇ ಉದ್ಯಮಿ ಎಂಬುದು 18ನೇ ಶತಮಾನದ ರಿಚರ್ಡ್ ಕ್ಯಾಂಟಿಲನ್ ಅವರ ಮತ. ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆಗಳನ್ನು ತರುವವನೇ ಉದ್ಯಮಿ ಎಂದು ಜೋಸೆಫ್ ಶುಂಪೀಟರ್ 1911ರಲ್ಲಿ ಪ್ರತಿಪಾದಿಸಿದರು.

ಈ ಗುಣವನ್ನು ತರಬೇತಿಯಿಂದ ಬೆಳೆಸಬಹುದೇ ಎಂಬ ಪ್ರಶ್ನೆಗೆ ಆಂಧ್ರಪ್ರದೇಶದ ಕಾಕಿನಾಡದಲ್ಲಿ ಉತ್ತರ ಹುಡುಕಲಾಯಿತು. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ 1964ರಲ್ಲಿ ಅಲ್ಲಿನ ವ್ಯಾಪಾರಿಗಳಿಗೆ ಸಾಧನಾ ಪ್ರೇರಣೆಯ ತರಬೇತಿ ಏರ್ಪಡಿಸಿದರು. ತರಬೇತಿ ಪಡೆದವರು ವ್ಯವಹಾರದಲ್ಲಿ ಹೆಚ್ಚು ಚುರುಕಾದರೆಂಬ ಫಲಿತಾಂಶ ಭಾರತದ ಉದ್ಯಮಶೀಲತಾ ತರಬೇತಿಗೆ ತಳಹದಿಯಾಯಿತು. ಅಹಮದಾಬಾದಿನಲ್ಲಿ 1983ರಲ್ಲಿ ಭಾರತೀಯ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆ ಆರಂಭವಾಯಿತು. ಅದಕ್ಕೂ ಮುನ್ನ, 1982ರಲ್ಲೇ, ದಕ್ಷಿಣ ಕನ್ನಡದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಕಾರ್ಯಾರಂಭ ಮಾಡಿತ್ತು. ಗ್ರಾಮೀಣ ಯುವಜನರಿಗೆ ಅಲ್ಪಾವಧಿಯ ಉಚಿತ ತರಬೇತಿ, ಬಳಿಕ ಬ್ಯಾಂಕ್ ಸಾಲಕ್ಕೆ ನೆರವು ಎಂಬ ಅದರ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು.

ಅವಕಾಶ ಗುರುತಿಸುವುದು

ಬೆಂಗಳೂರಿನ ಎಂಟಿಆರ್ ಇದಕ್ಕೆ ಒಳ್ಳೆಯ ನಿದರ್ಶನ. 1924ರಲ್ಲಿ ಹೋಟೆಲಾಗಿ ಆರಂಭವಾದ ಈ ಸಂಸ್ಥೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ರವೆ ಇಡ್ಲಿಯನ್ನು ರೂಪಿಸಿದ್ದಾಗಿ ಹೇಳಿಕೊಂಡಿದೆ. ತುರ್ತು ಪರಿಸ್ಥಿತಿಯ ಅವಧಿಯಲ್ಲಿ ತಿಂಡಿಗಳ ದರಕ್ಕೆ ಸರ್ಕಾರ ಕಡಿವಾಣ ಹಾಕಿದಾಗ ಹೋಟೆಲ್ ನಷ್ಟಕ್ಕೆ ಸಿಲುಕಿತು. ಆಗ ಸಂಸ್ಥೆ ಪೊಟ್ಟಣದ ಸಿದ್ಧ ಮಿಶ್ರಣಗಳ ತಯಾರಿಕೆಯತ್ತ ತಿರುಗಿತು. ಆಹಾರೋದ್ಯಮವಾಗಿ ಬೆಳೆದ ಆ ಶಾಖೆಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಖರೀದಿಸಿತು. ಕೈಲಿರುವ ಕೌಶಲವನ್ನು ಬಿಡದೆ, ಮಾರುವ ರೀತಿಯನ್ನು ಬದಲಿಸಿದ್ದೇ ಇಲ್ಲಿನ ಪಾಠ.

ಲೆಕ್ಕದ ಪಾಠ

ಉದಾಹರಣೆಗೆ, ಜೋಳದ ಖಡಕ್ ರೊಟ್ಟಿಯ ಕಿರು ಘಟಕವೊಂದನ್ನು ಊಹಿಸಿಕೊಳ್ಳಬಹುದು. ಅಂಗಡಿಗೆ ಪೊಟ್ಟಣವೊಂದಕ್ಕೆ 60 ರೂಪಾಯಿ ದರ. ಹಿಟ್ಟು, ಇಂಧನ, ಪೊಟ್ಟಣ, ಸಾಗಣೆ ಸೇರಿ 40 ರೂಪಾಯಿ ವೆಚ್ಚ. ಉಳಿಯುವುದು 20 ರೂಪಾಯಿ. ಬಾಡಿಗೆ 8 ಸಾವಿರ, ಕೂಲಿ 24 ಸಾವಿರ, ಬಡ್ಡಿ ಮತ್ತಿತರ ವೆಚ್ಚ 8 ಸಾವಿರ ಸೇರಿ ತಿಂಗಳ ಸ್ಥಿರ ವೆಚ್ಚ 40 ಸಾವಿರ ರೂಪಾಯಿ. ಅಂದರೆ 2,000 ಪೊಟ್ಟಣ ಮಾರಾಟವಾಗುವವರೆಗೆ ನಷ್ಟ; ಸರಿಯಾಗಿ 2,000 ಮಾರಾಟವಾದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ.

2,500 ಪೊಟ್ಟಣ ಮಾರಿದರೆ 10 ಸಾವಿರ ರೂಪಾಯಿ ಲಾಭ. ಆದರೆ ಅಂಗಡಿಯವರು ಹಣ ಕೊಡುವುದು ಒಂದು ತಿಂಗಳ ನಂತರವಾದರೆ, ಅಷ್ಟರೊಳಗೆ ಉದ್ಯಮಿ ತನ್ನ ಕೈಯಿಂದ 1.40 ಲಕ್ಷ ರೂಪಾಯಿ ಹೊಂದಿಸಬೇಕು. ಇದೇ ದುಡಿಯುವ ಬಂಡವಾಳ. ಪುಸ್ತಕದಲ್ಲಿ ಲಾಭ ತೋರಿಸುವ ಘಟಕವೂ ನಗದಿಲ್ಲದೆ ಬಾಗಿಲು ಮುಚ್ಚುವುದು ಹೀಗೆ. ಯಂತ್ರಕ್ಕೆ ಸಾಲ ಕೇಳಿ, ದುಡಿಯುವ ಬಂಡವಾಳವನ್ನು ಮರೆಯುವ ಯೋಜನಾ ವರದಿ ಅಪೂರ್ಣ.

ಸ್ವರೂಪ ಮತ್ತು ಹೊಣೆ

ಏಕವ್ಯಕ್ತಿ ಒಡೆತನ ಆರಂಭಿಸಲು ಸುಲಭ. ಆದರೆ ಉದ್ಯಮದ ಸಾಲಕ್ಕೆ ಮಾಲೀಕನ ಸ್ವಂತ ಆಸ್ತಿಯೂ ಹೊಣೆ. 1932ರ ಪಾಲುದಾರಿಕೆ ಕಾಯ್ದೆಯಂತೆ, ಒಬ್ಬ ಪಾಲುದಾರ ಸಂಸ್ಥೆಯ ಪರವಾಗಿ ಮಾಡಿದ ಸಾಲಕ್ಕೆ ಉಳಿದವರೂ ಬಾಧ್ಯರು. ಸಹಪಾಠಿಗಳು ಕೂಡಿ ಉದ್ಯಮ ಆರಂಭಿಸುವಾಗ ಮರೆಯಬಾರದ ಮಾತಿದು. ನೋಂದಣಿ ಕಡ್ಡಾಯವಲ್ಲದಿದ್ದರೂ, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ತನ್ನ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. 2008ರ ಕಾಯ್ದೆಯ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಹಾಗೂ 2013ರ ಕಂಪನಿ ಕಾಯ್ದೆಯ ಖಾಸಗಿ ಕಂಪನಿಗಳಲ್ಲಿ ಹೊಣೆ ಸೀಮಿತ. ಆದರೂ ವೈಯಕ್ತಿಕ ಖಾತರಿಗೆ ಸಹಿ ಹಾಕಿದರೆ ಆ ರಕ್ಷಣೆ ಅಷ್ಟರಮಟ್ಟಿಗೆ ಇಲ್ಲವಾಗುತ್ತದೆ.

ಸಹಾಯಧನದ ವಾಸ್ತವ

2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮೀಣ ಪ್ರದೇಶದಲ್ಲಿ ಶೇ. 25 ಸಹಾಯಧನ ನಿಗದಿಯಾಗಿತ್ತು. ವಿಶೇಷ ವರ್ಗಗಳಿಗೆ ಇದು ಕ್ರಮವಾಗಿ ಶೇ. 25 ಹಾಗೂ ಶೇ. 35. ಈ ಹಣ ನೇರವಾಗಿ ಫಲಾನುಭವಿಯ ಕೈ ಸೇರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುವುದು ನಿಯಮ. ಸಹಾಯಧನವನ್ನೇ ನೆಚ್ಚಿ ಉದ್ಯಮ ಆರಿಸಿಕೊಳ್ಳುವುದು ವಿವೇಕವಲ್ಲ. ಕಿರು ಉದ್ಯಮಗಳ ಉದ್ಯಮ್ ನೋಂದಣಿಗೆ ಸರ್ಕಾರಿ ಜಾಲತಾಣದಲ್ಲಿ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರುವುದು ಲೇಸು.

ಎಷ್ಟು ಕಳೆದುಕೊಳ್ಳಬಹುದು?

ಸಂಶೋಧಕಿ ಸರಸ್ ಸರಸ್ವತಿ 2001ರಲ್ಲಿ ಮಂಡಿಸಿದ ವಿಚಾರ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತ. ಅನುಭವಿ ಉದ್ಯಮಿಗಳು ಎಷ್ಟು ಲಾಭ ಬಂದೀತೆಂದು ಊಹಿಸುವುದಕ್ಕಿಂತ, ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದೆಂದು ಮೊದಲು ನಿರ್ಧರಿಸುತ್ತಾರೆ ಎಂಬುದು ಅದರ ಸಾರ. ಇದರಂತೆ ಮೊದಲ ಹೆಜ್ಜೆಯಾಗಿ 50 ಪೊಟ್ಟಣ ತಯಾರಿಸಿ ನಾಲ್ಕು ಅಂಗಡಿಗಳಲ್ಲಿ ಇಟ್ಟು ನೋಡಬೇಕು. ಎಷ್ಟು ಮಾರಾಟವಾಯಿತು, ಎಷ್ಟು ಮರಳಿ ಬಂತು, ಹಣ ಎಂದು ಕೈಸೇರಿತು, ಕೊಂಡವರು ಮತ್ತೆ ಕೇಳಿದರೇ ಎಂಬುದನ್ನು ಬರೆದಿಡಬೇಕು. ಸ್ನೇಹಿತರ ಮೆಚ್ಚುಗೆಗಿಂತ ಗ್ರಾಹಕನ ಎರಡನೇ ಖರೀದಿಯೇ ನಂಬಬಹುದಾದ ಸಾಕ್ಷ್ಯ.

ಈ ಪ್ರಯೋಗದ ಬಳಿಕ ಉದ್ಯಮ ಬೇಡವೆನಿಸಿದರೆ ಅದೂ ಕಲಿಕೆಯೇ. ಕೆಲವು ಸಾವಿರ ರೂಪಾಯಿಗಳಲ್ಲಿ ಸತ್ಯ ತಿಳಿದುಕೊಂಡ ವಿದ್ಯಾರ್ಥಿ, ಲಕ್ಷಾಂತರ ರೂಪಾಯಿ ಸಾಲ ಮಾಡಿ ಅದನ್ನೇ ತಿಳಿಯುವವನಿಗಿಂತ ಮುಂದಿರುತ್ತಾನೆ.